ಬಾಟಲಿಯ ಮೇಲಿನ ಗೆರೆ

ಸಂಜೆ ಹೊರಗಿನಿಂದ ಬಂದ ಗಂಡನಿಗೆ ಒಂದು ಲೋಟ ನೀರು ಕೊಡುವುದು ಎಲ್ಲರ ಮನೆಯಲ್ಲೂ ಇರುವ ಪದ್ಧತಿ. ನಮ್ಮ ಅವ್ವ ಕೊಡುವ ನೀರಿಗೆ ಮಾತ್ರ ಬೇರೆಯದೇ ಕೆಲಸವಿತ್ತು. ಬೇರೆ ಯಾರೇ ಬಂದರೂ ಲೋಟವನ್ನು ಮುಂದಿಟ್ಟು ಒಳಗೆ ಹೋಗುವವಳು, ಅಪ್ಪ ಬಂದರೆ ಅವನ ಮುಖಕ್ಕೆ ಮುಖ ಕೊಟ್ಟು ನಿಂತೇ ಇರುತ್ತಿದ್ದಳು. ಅವನು ಗಟಗಟ ಕುಡಿದು 'ಹಾ' ಎಂದು ಉಸಿರು ಬಿಡಬೇಕು, ಅಲ್ಲಿಯವರೆಗೆ ಕದಲುತ್ತಿರಲಿಲ್ಲ. ಆ ಉಸಿರಿನಲ್ಲಿ ವಾಸನೆ ಇಲ್ಲದಿದ್ದರೆ ಆ ರಾತ್ರಿ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಕಡಿಮೆ. ಇದ್ದರೆ ನಾನು ಪುಸ್ತಕ ಎತ್ತಿಕೊಂಡು ಪಕ್ಕದ ಮನೆಗೆ ಓದಲು ಹೋಗುತ್ತಿದ್ದೆ.

ಅಪ್ಪ ಅರಸೀಕೆರೆ ಸ್ಟೇಷನ್ನಿನಲ್ಲಿ ಬೋಗಿಗಳನ್ನು ಪರೀಕ್ಷೆ ಮಾಡುವ ಕೆಲಸದಲ್ಲಿದ್ದ. ಗಾಡಿ ಬಂದು ನಿಂತ ಕೂಡಲೇ ಉದ್ದ ಹಿಡಿಯ ಸುತ್ತಿಗೆಯಿಂದ ಚಕ್ರಗಳನ್ನು ಟಣ್ ಟಣ್ ಎಂದು ತಟ್ಟುತ್ತಾ, ಬೋಗಿಗಳ ನಡುವೆ ಬಗ್ಗಿ ಬ್ರೇಕಿನ ಗಾಳಿ ಪೈಪುಗಳಿಗೆ ಕಿವಿ ಕೊಡುತ್ತಾ ಹೋಗುವವರನ್ನು ನೀವು ಕಂಡಿರಬಹುದು. ಅವರಲ್ಲೊಬ್ಬ. ಗಾಳಿ ಸೋರುವ ಪೈಪನ್ನು ಕಿವಿಯಿಂದಲೇ ಹಿಡಿಯುತ್ತಿದ್ದ. ಅನುಮಾನ ಬಂದರೆ ಸೋಪಿನ ನೊರೆ ಹಚ್ಚಿ ನೋಡುತ್ತಿದ್ದ. ಕೆಲಸದಲ್ಲಿ ಅವನನ್ನು ಬೆರಳು ಮಾಡಿ ತೋರಿಸಿದವರಿಲ್ಲ. ತೊಂದರೆಯೆಲ್ಲ ಕೆಲಸ ಮುಗಿದ ಮೇಲಿನ ಎರಡು ಗಂಟೆಯದು. ಜೊತೆಯವರು ಕರೆಯುತ್ತಿದ್ದರು, ಇವನು ಹೋಗುತ್ತಿದ್ದ.

ನಮ್ಮ ಬೀದಿಯ ಕೆಲವು ಮನೆಯವರು ಒಟ್ಟಿಗೆ ಬೌದ್ಧ ದೀಕ್ಷೆ ತೆಗೆದುಕೊಂಡ ದಿನ ಅಪ್ಪ ಕುಡಿಯುವುದನ್ನು ಬಿಟ್ಟ. ಮುಂಚೆಯೂ ಬಿಟ್ಟಿದ್ದ, ಅದು ಬೇರೆ ಮಾತು. ಹಿಂದೆಲ್ಲ ಬಿಟ್ಟದ್ದು ಸಂಬಳದ ದಿನದವರೆಗೆ. ಈ ಸಲ ಎಲ್ಲರೆದುರು ನಿಂತು ಪಂಚಶೀಲ ಹೇಳಿದ್ದ. ಕೊಲ್ಲುವುದಿಲ್ಲ, ಕದಿಯುವುದಿಲ್ಲ, ಕೆಟ್ಟ ನಡತೆಗೆ ಹೋಗುವುದಿಲ್ಲ ಎಂಬ ಮೂರು ಮುಗಿದ ಮೇಲೆ ನಾಲ್ಕನೆಯದು ಸುಳ್ಳು ಹೇಳುವುದಿಲ್ಲ, ಐದನೆಯದು ಅಮಲೇರಿಸುವುದನ್ನು ಮುಟ್ಟುವುದಿಲ್ಲ. ಅಂದಿನಿಂದ ದಿನವೂ ಸಂಜೆ ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ ಮೂವರೂ ಕೂತು ಹೇಳುತ್ತಿದ್ದೆವು. ಐದನೆಯದನ್ನು ಅಪ್ಪ ಪಕ್ಕದ ಮನೆಗೂ ಕೇಳುವಂತೆ ಹೇಳುತ್ತಿದ್ದ. ವರ್ಷ ಕಳೆಯುವುದರಲ್ಲಿ ಅವ್ವನ ಲೋಟ ನಿಂತುಹೋಯಿತು. ನೀರಿನ ಚೊಂಬನ್ನು ಜಗುಲಿಯ ಮೇಲಿಟ್ಟು, "ನೀರೈತೆ, ಕುಡೀರಿ" ಎಂದು ಒಳಗಿನಿಂದಲೇ ಕೂಗತೊಡಗಿದಳು. ಅವ್ವ ಅಪ್ಪನಿಗೆ ಕೊಟ್ಟ ಅತಿ ದೊಡ್ಡ ಮರ್ಯಾದೆ ಎಂದರೆ ಹಾಗೆ ಒಳಗಿನಿಂದ ಕೂಗಿದ್ದೇ.

ಹತ್ತು ವರ್ಷಕ್ಕೂ ಹೆಚ್ಚು ಕಾಲ ಚೊಂಬು ಜಗುಲಿಯ ಮೇಲೇ ಇತ್ತು. ಆಮೇಲೆ ಅಪ್ಪ ನಿವೃತ್ತನಾದ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ನಾನು ಹಳೇಬೀಡಿನ ಕಡೆಯ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಬೆಳಿಗ್ಗೆ ಬಸ್ಸು ಹತ್ತಿದರೆ ಮನೆ ಸೇರುವುದು ಸಂಜೆ ಆರಕ್ಕೆ. ಅವ್ವ ನಮ್ಮ ಬೀದಿಯ ಆಚೆಯ ಶಾಲೆಯಲ್ಲಿ ಬಿಸಿಯೂಟ ಬೇಯಿಸಲು ಹೋಗುತ್ತಿದ್ದಳು. ಹಗಲೆಲ್ಲ ಅಪ್ಪ ಒಬ್ಬನೇ. ಹಗಲನ್ನು ಹೇಗೋ ತಳ್ಳುತ್ತಿದ್ದ, ಐದು ಹೊಡೆದ ಮೇಲೆ ಅವನ ಕಾಲು ಸುಮ್ಮನಿರುತ್ತಿರಲಿಲ್ಲ. ಗೇಟಿನವರೆಗೆ ಹೋಗುವುದು, ಸ್ಟೇಷನ್ ರಸ್ತೆಯ ಕಡೆ ನೋಡುವುದು, ವಾಪಸ್ ಬರುವುದು. ಹಳೆಯ ಜೊತೆಯವರು ಅದೇ ರಸ್ತೆಯಲ್ಲಿ, ಅದೇ ಹೊತ್ತಿಗೆ ಹೋಗುತ್ತಿದ್ದರು. "ಏನ್ಲಾ, ಮನೆ ಕಾಯ್ತಿದ್ದೀಯಾ?" ಎಂದು ಕೂಗುತ್ತಿದ್ದರು. ಆ ಕೂಗು ಕೇಳಿದಾಗಲೆಲ್ಲ ಅವ್ವನ ಕೈಯಲ್ಲಿದ್ದ ಸೌಟು ನಿಲ್ಲುತ್ತಿತ್ತು. ಅವಳ ಭಯ ನನಗೂ ಅಂಟಿಕೊಂಡಿತು. ಆ ಎರಡು ಗಂಟೆ ಅಪ್ಪನನ್ನು ಹೇಗಾದರೂ ಮನೆಯೊಳಗೆ ಹಿಡಿದಿಡಬೇಕು ಎಂದು ತೀರ್ಮಾನಿಸಿದೆ.

ಅಪ್ಪನ ಹಲ್ಲುನೋವಿಗೆಂದು ಹಾಸನಕ್ಕೆ ಕರೆದುಕೊಂಡು ಹೋದಾಗ ಉಪಾಯ ಹೊಳೆಯಿತು. ಡಾಕ್ಟರ ಕ್ಲಿನಿಕ್ಕಿನಲ್ಲಿ ಒಂದು ಮೀನಿನ ತೊಟ್ಟಿ. ಒಳಗೆ ಪ್ಲಾಸ್ಟಿಕ್ ಗಿಡವಲ್ಲ, ನಿಜವಾದ ಹಸಿರು, ಹೊಸದಾಗಿ ನಾಟಿ ಹಾಕಿದ ಗದ್ದೆಯಷ್ಟು ಹಸಿರು. ಹಲ್ಲು ಹಿಡಿದುಕೊಂಡು ಕೂತಿದ್ದ ಅಪ್ಪ ಅದನ್ನು ನೋಡುತ್ತಾ ಹೆಸರು ಕರೆದರೂ ಏಳಲಿಲ್ಲ. ಸರಿ, ನಮ್ಮ ಮನೆಗೂ ಒಂದು ಎಂದುಕೊಂಡೆ.

ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿಯವನು ಗಾಜು ಕೊಯ್ದು ತೊಟ್ಟಿ ಅಂಟಿಸಿಕೊಟ್ಟ. ನೀರುಗಿಡಗಳನ್ನು ಹಳೇಬೀಡಿನ ಕೆರೆಯಿಂದ ನಾನೇ ಕಿತ್ತು ತಂದೆ. ಸೀರೆಯ ನೆರಿಗೆ ಎತ್ತಿಕಟ್ಟಿ ಕೆರೆಗಿಳಿದ ಟೀಚರನ್ನು ನೋಡಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು, "ಯಾಕ್ರವ್ವ ಮೇಡಮ್ಮೋರೆ, ಎಮ್ಮೆ ಕಟ್ಟಿದ್ದೀರಾ?" ಎಂದು ಕೇಳಿದಳು. ಹಾಸನದಿಂದ ಹತ್ತು ಗಪ್ಪಿ ಮೀನು, ಒಂದು ಕಪ್ಪು ಮೋಲಿ ತಂದು ಬಿಟ್ಟೆ. ಆ ಕಪ್ಪು ಮೀನನ್ನು ಕಂಡದ್ದೇ ಅಪ್ಪ ಅದಕ್ಕೆ 'ಇಂಜಿನ್' ಎಂದು ಹೆಸರಿಟ್ಟ. ಕಲ್ಲಿದ್ದಲ ಇಂಜಿನ್ನಿನ ಕಾಲದಲ್ಲಿ ಕೆಲಸಕ್ಕೆ ಸೇರಿದವನು ಅವನು. ಐದು ಗಂಟೆಗೆ ತೊಟ್ಟಿಯ ಮುಂದೆ ಸ್ಟೂಲು ಹಾಕಿಕೊಂಡು ಕೂತರೆ ಏಳುತ್ತಿದ್ದುದು ಮೇಣದ ಬತ್ತಿ ಹಚ್ಚುವ ಹೊತ್ತಿಗೇ. ಗೇಟಿನ ಕಡೆ ಹೋಗುವುದು ನಿಂತಿತು. "ನಿನ್ನ ಮೀನು ಚೆನ್ನಾಗಿರಲಿ ಕಣೇ" ಎಂದು ಅವ್ವ ಬಾಯಿಬಿಟ್ಟು ಹೇಳಿದಳು. ನನ್ನ ಓದಿನಿಂದ ಮನೆಗೆ ಆದ ಮೊದಲ ಲಾಭ ಅದೇ ಎನ್ನುವಂತಿತ್ತು ಅವಳ ದನಿ.

ಗಿಡಗಳು ಮಾತ್ರ ಕೈಕೊಟ್ಟವು. ಹಳದಿಯಾದವು, ಎಲೆಯ ಮೇಲೆ ಕಂದು ಪಾಚಿ ಕೂತಿತು. ಸೈಬರ್ ಸೆಂಟರಿನಲ್ಲಿ ಕೂತು ಓದಿದಾಗ ಉತ್ತರ ಸಿಕ್ಕಿತು: ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಸಾಲದು. ನನಗೆ ನಾಚಿಕೆಯಾಯಿತು. ನೀರುಗಿಡವನ್ನು ಗಾಜಿನ ಆಲಿಕೆಯೊಳಗಿಟ್ಟು ಬಿಸಿಲಿಗೆ ಹಿಡಿದು ಗುಳ್ಳೆ ತೋರಿಸುವ ಪ್ರಯೋಗವನ್ನು ವರ್ಷವರ್ಷವೂ ಮಾಡಿಸುವವಳು ನಾನು. ಆ ನೀರಿಗೆ ಚಿಟಿಕೆ ಸೋಡಾಪುಡಿ ಯಾಕೆ ಹಾಕಬೇಕು ಎಂದು ಮಕ್ಕಳನ್ನು ಕೇಳಿ, ಹೇಳದಿದ್ದರೆ ಬೈಯುವವಳೂ ನಾನೇ.

ಓದಿದ್ದನ್ನು ಇಲ್ಲಿ ಸಿಕ್ಕುವ ಸಾಮಾನಿನಲ್ಲಿ ಕಟ್ಟಿದೆ. ಯಾವುದೋ ಮದುವೆಯಲ್ಲಿ ಉಳಿದ ಜ್ಯೂಸಿನ ದೊಡ್ಡ ಬಾಟಲಿ. ಅದರೊಳಗೆ ಸಕ್ಕರೆ ನೀರು ಮತ್ತು ಬೇಕರಿಯವರು ಪೇಪರಿನಲ್ಲಿ ಪೊಟ್ಟಣ ಕಟ್ಟಿಕೊಟ್ಟ ಒಂದು ಚಮಚ ಯೀಸ್ಟು. ಮುಚ್ಚಳಕ್ಕೆ ತೂತು ಮಾಡಿ ಮೆಡಿಕಲ್ ಸ್ಟೋರಿನಿಂದ ತಂದ ಗ್ಲೂಕೋಸ್ ಹಾಕುವ ಟ್ಯೂಬು. "ಯಾರಿಗೆ ಹುಷಾರಿಲ್ಲ ಮೇಡಂ?" ಎಂದು ಅಂಗಡಿಯವನು ಕೇಳಿದ. "ಗಿಡಕ್ಕೆ" ಎಂದೆ. ಆ ಟ್ಯೂಬಿನ ನಡುವೆ ಹನಿ ಬೀಳುವ ಪುಟ್ಟ ಬುರುಡೆ ಇರುತ್ತದಲ್ಲ, ಅದರಲ್ಲಿ ಅರ್ಧ ನೀರು ತುಂಬಿಟ್ಟರೆ ನಿಮಿಷಕ್ಕೆ ಎಷ್ಟು ಗುಳ್ಳೆ ಹೋಗುತ್ತಿದೆ ಎಂದು ಎಣಿಸಬಹುದು. ಟ್ಯೂಬಿನ ಇನ್ನೊಂದು ತುದಿ ತೊಟ್ಟಿಯೊಳಗೆ ಬೋರಲು ನಿಲ್ಲಿಸಿದ ಸಣ್ಣ ನೀರಿನ ಬಾಟಲಿಗೆ. ತೊಟ್ಟಿಗೆ ಹಾಕಿದ್ದ ಪುಟ್ಟ ಮೋಟಾರು ತಳ್ಳುವ ನೀರು ಅದರೊಳಗೆ ಸುತ್ತುತ್ತದೆ, ಗುಳ್ಳೆಗಳು ಆ ಸುಳಿಯಲ್ಲಿ ಸಿಕ್ಕಿ ಕರಗುತ್ತವೆ. ಈ ಬೋರಲು ಬಾಟಲಿಯ ಹೆಸರೇ ರಿಯಾಕ್ಟರ್. ಅಪ್ಪನಿಗೆ ಜಂಬದಿಂದ ಹೇಳಿದೆ.

"ಕೈಗಾದಲ್ಲಿ ಐತಲ್ಲ, ಅಂಥದ್ದಾ?" ಎಂದ.

"ಅದರ ತಮ್ಮ" ಎಂದೆ.

ಒಂದು ವಿಷಯವನ್ನು ಮನೆಯಲ್ಲಿ ಹೇಳಿರಲಿಲ್ಲ. ಯೀಸ್ಟು ಸಕ್ಕರೆಯನ್ನು ತಿಂದು ಎರಡು ವಸ್ತು ಬಿಡುತ್ತದೆ. ಒಂದು ಇಂಗಾಲದ ಡೈಆಕ್ಸೈಡ್. ಇನ್ನೊಂದು ಏನೆಂದು ಮೂರನೆಯ ದಿನ ಅವ್ವನ ಮೂಗೇ ಕಂಡುಹಿಡಿಯಿತು.

"ಏನೇ ಇದು? ಮನೇಲಿ ಭಟ್ಟಿ ಇಟ್ಟಿದ್ದೀಯಾ? ಮೀನು ಸಾಕೋಕೆ ಹೆಂಡ ಕಾಯಿಸ್ತಾರೇನೇ ಯಾರಾದ್ರೂ?"

ನಾನು ವಿಜ್ಞಾನ ಹೇಳಿದೆ, ಅವಳು ಕೇಳಲಿಲ್ಲ. ಕೊನೆಗೆ ಅಪ್ಪನೇ ನಡುವೆ ಬಂದ. "ಇರ್ಲಿ ಬಿಡೇ. ಮಗು ಓದಿರೋದು, ಗಿಡಕ್ಕೆ ಅಂತ ಮಾಡೈತೆ. ನಾನೇನು ಅದನ್ನ ಮುಟ್ಟಲ್ಲ" ಎಂದ. ಅವ್ವ ಒಪ್ಪಿದಳು, ಆದರೆ ಕರಾರು ಹಾಕಿದಳು: ಬಾಟಲಿ ಬುದ್ಧನ ಪಟಕ್ಕೆ ಕಾಣದ ಮೂಲೆಯಲ್ಲಿ, ತೊಟ್ಟಿಯ ಹಿಂದೆ ಇರಬೇಕು, ಮನೆಗೆ ಬಂದವರ ಕಣ್ಣಿಗೆ ಬೀಳಬಾರದು. ತನ್ನ ಹಳೆಯ ಸೀರೆಯ ತುಂಡನ್ನು ಬಾಟಲಿ, ಟ್ಯೂಬು, ಬುರುಡೆ ಎಲ್ಲದರ ಮೇಲೆ ಹೊದಿಸಿಬಿಟ್ಟಳು. ವಾಸನೆಗೆ ಬಟ್ಟೆ ಹೊದಿಸಿದರೆ ಏನು ಬಂತು ಎಂದು ನಕ್ಕೆ. ಆ ಬಟ್ಟೆ ನಮ್ಮನ್ನು ಎಷ್ಟು ಗೋಳಾಡಿಸಲಿದೆ ಎಂದು ಆಗ ಗೊತ್ತಿರಲಿಲ್ಲ.

ಮೊದಲು ಅರ್ಧ ಬಾಟಲಿ ತುಂಬಿಸಿದ್ದೆ. ಗುಳ್ಳೆ ಚೆನ್ನಾಗಿ ಬಂತು, ಗಿಡಗಳು ಚಿಗುರಿದವು. ಒಮ್ಮೆ ಟ್ಯೂಬು ಮುಚ್ಚಳದಿಂದ ಜಾರಿ ಹೊರಬಂದದ್ದರಿಂದ ಇನ್ನೊಮ್ಮೆ ಜಾರದಿರಲಿ ಎಂದು ನಾಲ್ಕು ಬೆರಳಿನಷ್ಟು ಉದ್ದ ಒಳಕ್ಕೆ ತಳ್ಳಿದೆ. ಆಮೇಲೆ ಚಳಿ ಹಿಡಿಯಿತು. ದೋಸೆ ಹಿಟ್ಟೇ ಹುದುಗದ ಚಳಿ, ಯೀಸ್ಟು ಪಾಪ ಏನು ಮಾಡೀತು? ಗುಳ್ಳೆ ಕಡಿಮೆಯಾಯಿತು. ನನಗೆ ತಾಳ್ಮೆ ಎಂಬುದು ಹುಟ್ಟಿನಿಂದಲೇ ಇಲ್ಲ. ಸಕ್ಕರೆ ಎರಡರಷ್ಟು, ಯೀಸ್ಟು ಎರಡರಷ್ಟು, ನೀರು ಬಾಟಲಿಯ ಕತ್ತಿನವರೆಗೆ ತುಂಬಿಸಿ ಬಸ್ಸಿಗೆ ಓಡಿದೆ.

ಸಂಜೆ ಬಂದು ಬಟ್ಟೆ ಎತ್ತಿದರೆ ಗುಳ್ಳೆ ಸೊಗಸಾಗಿ ಹೋಗುತ್ತಿತ್ತು. ಬಾಟಲಿಯಲ್ಲಿ ನೀರು ಮಾತ್ರ ಮೂರು ಬೆರಳು ಇಳಿದಿತ್ತು.

ಮೊದಲ ದಿನ ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ಇಳಿದಷ್ಟನ್ನು ತುಂಬಿಸಿ, ಬಾಟಲಿಯ ಕೆಳಗೆ ಪೇಪರು ಹಾಸಿ ಹೋದೆ. ಸಂಜೆ ಮತ್ತೆ ಮೂರು ಬೆರಳು ಕಡಿಮೆ, ಪೇಪರು ಗರಿಗರಿ ಒಣಗಿದೆ. ಬಾಟಲಿ ಸೋರಿಲ್ಲ. ಮುಚ್ಚಳ ಬಿಗಿಯಾಗಿದೆ, ಆವಿಯಾಗಿಲ್ಲ. ಬುರುಡೆಯಲ್ಲಿ ಅರ್ಧ ಇರಬೇಕಾದ ನೀರು ಪೂರ್ತಿ ತುಂಬಿತ್ತು. ನಾನೇ ಹೆಚ್ಚು ಹಾಕಿರಬೇಕು ಎಂದುಕೊಂಡೆ. ತೊಟ್ಟಿಯ ನೀರು ಅಕ್ಕಿ ತೊಳೆದ ನೀರಿನ ಹಾಗೆ ಒಂದಿಷ್ಟು ಮಬ್ಬಾಗಿತ್ತು; ಚಳಿಗೆ ಇರಬೇಕು ಎಂದುಕೊಂಡೆ. ವಿಜ್ಞಾನದ ಟೀಚರ್ ಅಲ್ಲವೇ, ಒಂದೊಂದೇ ಕಾರಣವನ್ನು ತೆಗೆದುಹಾಕುತ್ತಾ ಬಂದೆ. ಕೊನೆಗೆ ಉಳಿದವನು ಅಪ್ಪ.

ಹಗಲೆಲ್ಲ ಒಬ್ಬನೇ ಇರುವ ಮನುಷ್ಯ. ಹತ್ತು ವರ್ಷ ಕಷ್ಟಪಟ್ಟು ದೂರ ಇಟ್ಟದ್ದನ್ನು ನಾನೇ ತಂದು ಅವನ ಸ್ಟೂಲಿನ ಪಕ್ಕದಲ್ಲಿ ಇಟ್ಟು, ಮೇಲೆ ಬಟ್ಟೆಯನ್ನೂ ಹೊದಿಸಿದ್ದೇನೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ಅಪ್ಪನನ್ನು ಕಾಯಲಿ ಎಂದು ನಾನು ಹಾಕಿದ ಬೇಲಿಯೇ ಅವನನ್ನು ಮೇಯುತ್ತಿದೆ ಎನಿಸಿತು.

ನೇರವಾಗಿ ಕೇಳಬಹುದಿತ್ತು. ಕೇಳಲಿಲ್ಲ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದು ಹೊರಟವಳು ನಾನು. ಮೂರನೆಯ ಬೆಳಿಗ್ಗೆ ಬಾಟಲಿಯನ್ನು ತುಂಬಿಸಿ, ನೀರು ನಿಂತಲ್ಲಿಗೆ ಸರಿಯಾಗಿ ಕಪ್ಪು ಸ್ಕೆಚ್ ಪೆನ್ನಿನಿಂದ ಒಂದು ಗೆರೆ ಎಳೆದೆ. ಬಟ್ಟೆ ಹೊದಿಸಿ ಹೋದೆ. ಸಂಜೆ ಗೆರೆಯಿಂದ ಮೂರು ಬೆರಳು ಕೆಳಗೆ.

"ಮಧ್ಯಾಹ್ನ ಏನ್ಮಾಡ್ತಿದ್ದೆ ಅಪ್ಪಾ?" ಎಂದೆ, ಯಾವ ಅರ್ಥವೂ ಇಲ್ಲದ ಹಾಗೆ.

"ಇಲ್ಲೇ ಮೀನಿನ ಹತ್ರ ಇದ್ದೆ" ಎಂದು ಮುಖ ತಿರುಗಿಸಿದ. ಅಂಗಿಯ ತೋಳು ಒದ್ದೆಯಾಗಿತ್ತು. ಬಾಯಲ್ಲಿ ಲವಂಗ. ಹಲ್ಲುನೋವಿಗೆ ಡಾಕ್ಟರೇ ಇಟ್ಟುಕೊಳ್ಳಲು ಹೇಳಿದ್ದರು, ಸರಿ. ಆದರೆ ಹಿಂದಿನ ಕಾಲದಲ್ಲಿ ವಾಸನೆ ಮುಚ್ಚಲು ಅವನು ಅಗಿಯುತ್ತಿದ್ದದ್ದೂ ಲವಂಗವೇ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಗಾದೆ ನೆನಪಾಯಿತು. ಅನುಮಾನ ಹೊಕ್ಕ ತಲೆಗೆ ಗಾದೆಗಳು ತಾವಾಗಿಯೇ ಒದಗಿಬರುತ್ತವೆ.

ಅವ್ವನಿಗೆ ನಾನೇನೂ ಹೇಳಲಿಲ್ಲ. ಅವಳೇ ಕಸ ಗುಡಿಸುವಾಗ ಬಟ್ಟೆ ಎತ್ತಿದಳು. ಗೆರೆಯನ್ನು ನೋಡಿದಳು, ನೀರನ್ನು ನೋಡಿದಳು, ನನ್ನ ಮುಖ ನೋಡಿದಳು. "ಹುಟ್ಟುಗುಣ ಸುಟ್ರೂ ಹೋಗಲ್ಲ ಕಣೇ" ಎಂದಳು. ಪೊರಕೆಯನ್ನು ಮೂಲೆಗಿಟ್ಟು ಅಡುಗೆಮನೆಗೆ ಹೋದಳು.

ಹಿತ್ತಲಿನಿಂದ ಅಪ್ಪ ಒಳಗೆ ಬಂದಾಗ ಜಗುಲಿಯ ಮೇಲೆ ಚೊಂಬು ಇರಲಿಲ್ಲ. ಅವ್ವ ಲೋಟ ಹಿಡಿದು ನಿಂತಿದ್ದಳು, ಮುಖಕ್ಕೆ ಮುಖ ಕೊಟ್ಟು. ಅಪ್ಪ ಒಂದು ಗಳಿಗೆ ಲೋಟವನ್ನೇ ನೋಡಿದ. ತೆಗೆದುಕೊಂಡ, ಪೂರ್ತಿ ಕುಡಿದ, ಅವಳು ಕಾಯುತ್ತಿದ್ದ ಉಸಿರನ್ನು ಬಿಟ್ಟ, ಲೋಟವನ್ನು ಅವಳ ಕೈಗಿಟ್ಟ. ಲವಂಗದ ವಾಸನೆ ನಾನು ನಿಂತಲ್ಲಿಗೂ ಬಂತು.

ಆ ಸಂಜೆ ಮೇಣದ ಬತ್ತಿ ಹಚ್ಚಿ ಕೂತೆವು. ನಾಲ್ಕನೆಯದರವರೆಗೆ ಮೂವರ ದನಿಯೂ ಇತ್ತು. ಐದನೆಯದಕ್ಕೆ ಅಪ್ಪ ಬಾಯಿ ತೆರೆಯಲಿಲ್ಲ. ಹತ್ತು ವರ್ಷದಲ್ಲಿ ಮೊದಲ ಸಲ. ನಾನು ಮತ್ತು ಅವ್ವ ಹೇಗೋ ಹೇಳಿ ಮುಗಿಸಿದೆವು. ಅಲ್ಲಿಗೆ ಅವನು ಒಪ್ಪಿಕೊಂಡಂತೆಯೇ ಆಯಿತು ಎಂದು ಇಬ್ಬರೂ ತಿಳಿದೆವು. ಅವ್ವ ಊಟ ಬಡಿಸಿದಳು, ತಾನು ತಿನ್ನಲಿಲ್ಲ.

ಮರುದಿನ ಬೆಳಿಗ್ಗೆ ಬಾಟಲಿಯನ್ನು ಗೆರೆಯವರೆಗೆ ತುಂಬಿಸಿದೆ. ಬಿಸಾಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಬಿಸಾಡಿದ್ದರೆ ಕೈಯಾರೆ ಹಿಡಿಯುವುದು ಹೇಗೆ? ಕೋಪ ಅಂಥದ್ದು. ಹಳೇಬೀಡಿನ ಬಸ್ಸು ಹತ್ತಿದೆ, ಊರು ದಾಟುವ ಮೊದಲೇ ಇಳಿದುಬಿಟ್ಟೆ. ಆದರೆ ತಕ್ಷಣ ಹೋದರೆ ಅವನು ಇನ್ನೂ ಮುಟ್ಟಿರುವುದಿಲ್ಲ, ಅವನಿಗೆ ಹೊತ್ತು ಕೊಡಬೇಕು. ಹೆತ್ತ ತಂದೆ ತಪ್ಪು ಮಾಡಲಿ ಎಂದು ಕಾಯುತ್ತಾ ಕೊಬ್ಬರಿ ಮಂಡಿಗಳ ರಸ್ತೆಯಲ್ಲಿ ಎರಡು ಗಂಟೆ ಸುತ್ತಿದೆ. ಗೋಣಿಚೀಲ ಹೊಲಿಯುತ್ತಿದ್ದವನೊಬ್ಬ, "ಕೊಬ್ಬರಿ ರೇಟು ಕೇಳಕ್ಕೆ ಬಂದ್ರೇನಮ್ಮ?" ಎಂದ. ತಲೆಯಾಡಿಸಿ ಮುಂದೆ ಹೋದೆ. ನಿಜವಾಗಿ ಕುಡಿಯುತ್ತಿದ್ದರೆ ಮುಂದೇನು ಎಂಬುದು ಗೊತ್ತಿರಲಿಲ್ಲ. ಬೈಯುವುದು ಯಾರನ್ನು? ಬಾಟಲಿ ತಂದಿಟ್ಟವಳು ನಾನು.

ಹಿತ್ತಲ ಬಾಗಿಲು ತೆರೆದಿತ್ತು. ಚಪ್ಪಲಿ ಬಿಟ್ಟು ಸದ್ದಿಲ್ಲದೆ ಒಳಗೆ ಹೋದೆ.

ಅಪ್ಪ ಅಂಗಿಯ ತೋಳು ಮಡಚಿಕೊಂಡು ಸ್ಟೂಲಿನ ಮೇಲೆ ಕೂತಿದ್ದ. ಅಕ್ಕಪಕ್ಕ ಎರಡು ಬಕೆಟ್. ಒಂದು ಮಗ್ಗಿನಿಂದ ತೊಟ್ಟಿಯ ನೀರನ್ನು ಮೊಗೆದು ಒಂದಕ್ಕೆ ಸುರಿಯುತ್ತಿದ್ದ, ಇನ್ನೊಂದರಿಂದ ಒಳ್ಳೆ ನೀರನ್ನು ಮೆಲ್ಲಗೆ ತೊಟ್ಟಿಗೆ ಬಿಡುತ್ತಿದ್ದ. ಗಪ್ಪಿಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದವು. ಇಂಜಿನ್ ಒಂದು ಮೂಲೆಯಲ್ಲಿ ವಾಲಿಕೊಂಡಿತ್ತು. ಅವ್ವನ ಸೀರೆಯ ತುಂಡು ಪಕ್ಕಕ್ಕೆ ಸರಿದಿತ್ತು.

ನನ್ನನ್ನು ನೋಡಿ ಅಪ್ಪ ಬೆಚ್ಚಲಿಲ್ಲ. "ಯಾಕವ್ವ ಇಷ್ಟು ಬೇಗ ಬಂದೆ?"

"ತಲೆನೋವು" ಎಂದೆ.

"ಹಂಗಾದ್ರೆ ಆ ಬಕೆಟ್ ತುಂಬಿಸ್ಕೊಂಡು ಬಂದು ಮಲಕ್ಕೋ. ಮೊದ್ಲು ಇಲ್ಲಿ ನೋಡು."

ಬೆರಳು ತೋರಿಸಿದ. ಗ್ಲೂಕೋಸ್ ಟ್ಯೂಬಿನಲ್ಲಿ ಗುಳ್ಳೆ ಇರಲಿಲ್ಲ. ಬೆಳ್ಳಗಿನ ನೀರು ನಿಧಾನವಾಗಿ ಏರುತ್ತಿತ್ತು. ಬಾಟಲಿಯಿಂದ ಬುರುಡೆಗೆ, ಬುರುಡೆಯಿಂದ ತೊಟ್ಟಿಗೆ. ರಿಯಾಕ್ಟರಿನ ಬಾಯಿಂದ ಹಾಲಿನ ಎಳೆಯಂತೆ ಹೊರಬರುತ್ತಿತ್ತು.

"ಬಾಟ್ಲೀಲಿ ಗಾಳಿ ಹುಟ್ತೈತೆ. ಅದಕ್ಕೆ ಹೊರಗೆ ಹೋಗಕ್ಕೆ ದಾರಿ ಬೇಕು. ನಿನ್ನ ಟ್ಯೂಬಿನ ತುದಿ ನೀರೊಳಗೆ ಮುಳುಗೋಗೈತೆ. ಗಾಳಿ ಮೇಲಿಂದ ಅದುಮ್ತೈತೆ, ನೀರು ಟ್ಯೂಬಲ್ಲಿ ಏರ್ತೈತೆ. ತುದಿ ನೀರಿಂದ ಮೇಲೆ ಬಂದಮೇಲೆ ಗಾಳಿಗೆ ದಾರಿ ಸಿಕ್ತೈತೆ, ಆಮೇಲೆ ಗುಳ್ಳೆ. ನೀನು ಸಂಜೆ ಬಂದು ನೋಡೋದು ಗುಳ್ಳೆ ಮಾತ್ರ."

ಎಂಟನೆಯ ತರಗತಿಯ ಪಾಠ. ನಾನು ಬಗ್ಗಿ ನೋಡಿದೆ. ಟ್ಯೂಬಿನ ತುದಿ ಮುಚ್ಚಳದಿಂದ ನಾಲ್ಕು ಬೆರಳು ಕೆಳಗೆ, ಗೆರೆಯಿಂದ ಸರಿಯಾಗಿ ಮೂರು ಬೆರಳು ಕೆಳಗೆ. ದಿನವೂ ನೀರು ಬಂದು ನಿಲ್ಲುತ್ತಿದ್ದದ್ದು ಅಲ್ಲೇ. ಒದ್ದೆ ನೆಲದ ಮೇಲೇ ಕೂತೆ. ಆ ಹೊತ್ತಿನ ನಿರಾಳವನ್ನು ಹೇಗೆ ಹೇಳಲಿ? ಎರಡು ದಿನದಿಂದ ಎದೆಯ ಮೇಲಿದ್ದ ಚಪ್ಪಡಿಯನ್ನು ಯಾರೋ ಎತ್ತಿಟ್ಟ ಹಾಗಾಯಿತು. ಕುಡಿದಿಲ್ಲ, ಅಪ್ಪ ಕುಡಿದಿಲ್ಲ ಎಂಬ ಒಂದೇ ಮಾತು ತಲೆಯಲ್ಲಿ ಓಡುತ್ತಿತ್ತು. ಅದರ ಹಿಂದೆಯೇ ನಾಚಿಕೆಯೂ ಬಂತು.

"ನಿನಗೆ ಯಾವಾಗಿಂದ ಗೊತ್ತು?"

"ಮೊದ್ಲೆರಡು ದಿನ ಗೊತ್ತಾಗ್ಲಿಲ್ಲ. ಬಟ್ಟೆ ಮುಚ್ಚಿತ್ತಲ್ಲ. ಮೀನು ಬಾಯಿ ಬಿಡ್ತಿದ್ವು, ನೀರು ಬದಲಾಯಿಸ್ದೆ. ನಿನ್ನೆ ಬಟ್ಟೆ ಎತ್ತಿ ನೋಡ್ದೆ."

"ಹೇಳಬಾರದಿತ್ತಾ ಅಪ್ಪಾ?"

ಅಪ್ಪ ಮಗ್ಗನ್ನು ಬಕೆಟ್ಟಿಗೆ ಹಾಕಿದ. "ಹೇಳಾಣ ಅಂತಾನೇ ಇದ್ದೆ. ಬಟ್ಟೆ ಎತ್ತಿದ್ರೆ ಮೊದ್ಲು ಕಂಡಿದ್ದೇ ಗೆರೆ."

ನಾನು ತಲೆ ತಗ್ಗಿಸಿದೆ.

"ಬಾಟ್ಲಿ ತಾನಾಗೇ ಖಾಲಿಯಾಯ್ತು ಅನ್ನೋದು ಕುಡಿಯೋನು ಹೇಳೋ ಮಾತು ಕಣವ್ವ. ನಿಮ್ಮವ್ವನಿಗೆ ನಾನೇ ಎಷ್ಟು ಸಲ ಹೇಳಿದೀನಿ. ಮತ್ತೆ ಅದೇ ಮಾತು ಹೇಳಿದ್ರೆ ಯಾರು ನಂಬ್ತೀರಿ? ಅದಕ್ಕೇ ನಿನ್ನೆ ಐದನೇದೂ ಬಾಯಿಗೆ ಬರ್ಲಿಲ್ಲ."

"ಟ್ಯೂಬ್ ನೀರಿಂದ ಮೇಲಕ್ಕೆ ಎಳೆದಿದ್ರೆ ಆಗೋಗ್ತಿತ್ತಲ್ಲ. ನಿನಗೆ ಅದೇನು ಕಷ್ಟ?"

"ಒಳಗೆ ಗಾಳಿ ತುಂಬ್ಕಂಡೈತೆ, ಎಳೀಬೇಕಂದ್ರೆ ಮೊದ್ಲು ಮುಚ್ಚಳ ತೆಗೀಬೇಕು. ತೆಗೆದ್ರೆ ಕೈಗೆ ವಾಸ್ನೆ ಹತ್ತುತ್ತೆ. ಸಂಜೆ ನಿಮ್ಮವ್ವ ಲೋಟ ಹಿಡ್ಕಂಡು ನಿಂತ್ಕತ್ತಾಳೆ." ಮತ್ತೆ ಮಗ್ಗು ಕೈಗೆತ್ತಿಕೊಂಡ. "ಅದಕ್ಕೆ ಮುಟ್ಲಿಲ್ಲ. ಮೀನು ಸಾಯ್ದಂಗೆ ನೋಡ್ಕಂಡ್ರೆ ಸಾಕು, ಉಳಿದಿದ್ದು ನೀನೇ ಕಂಡುಹಿಡೀತೀಯ ಅನ್ಕಂಡೆ. ಓದಿರೋಳಲ್ವಾ."

ಮೂವತ್ತು ವರ್ಷ ರೈಲಿನ ಗಾಳಿ ಪೈಪು ನೋಡಿದ ಮನುಷ್ಯ. ಒಂದು ನಿಮಿಷದ ರಿಪೇರಿ. ನಾನು ಎಳೆದ ಗೆರೆಗೆ ಹೆದರಿ ಅದನ್ನು ಮಾಡದೆ, ಬಕೆಟ್ ಬಕೆಟ್ ನೀರು ಹೊತ್ತಿದ್ದ. ಅತ್ತುಬಿಟ್ಟೆ. ಅಪ್ಪ ನೋಡಿಯೂ ನೋಡದವನಂತೆ, "ಎದ್ದೇಳು, ಇಂಜಿನ್ ಹೊಗೆ ಬಿಡೋ ಹಂಗೈತೆ. ಮುಚ್ಚಳ ತೆಗಿ. ಈಗ ನೀನಿದ್ದೀಯಲ್ಲ" ಎಂದ.

ಮುಚ್ಚಳ ತಿರುಗಿಸಿದಾಗ ಬಾಟಲಿ ಬುಸ್ ಎಂದಿತು. ಅವನು ಹೇಳಿದಂತೆ ಬ್ಲೇಡಿನಿಂದ ಟ್ಯೂಬನ್ನು ಕೊಯ್ದೆ, ಮುಚ್ಚಳದ ಕೆಳಗೆ ಅರ್ಧ ಬೆರಳು ಮಾತ್ರ ಉಳಿಸಿದೆ. ಬಾಟಲಿಯಿಂದ ಅರ್ಧ ನೀರನ್ನು ಚೆಲ್ಲಿದೆ. ಅಪ್ಪ ತನ್ನ ಗಡ್ಡದ ಬ್ರಷ್ಷು ತಂದು ಸೋಪಿನ ನೊರೆ ಮಾಡಿ, ಟ್ಯೂಬು ಮುಚ್ಚಳದೊಳಗೆ ಹೋಗುವ ತೂತಿನ ಸುತ್ತ ಹಚ್ಚಿದ. ನೊರೆಯಲ್ಲಿ ಒಂದು ಗುಳ್ಳೆ ಉಬ್ಬಿತು. "ನೋಡ್ದಾ? ಇಲ್ಲೂ ಸೋರ್ತೈತೆ. ಅದಕ್ಕೇ ಚಳೀಲಿ ನಿನಗೆ ಗುಳ್ಳೆ ಸಾಲ್ದೆ ಹೋಗಿದ್ದು." ಬುದ್ಧನ ಪಟದ ಮುಂದೆ ಉಳಿದಿದ್ದ ಮೇಣದ ಚೂರುಗಳನ್ನು ಕರಗಿಸಿ ತೂತಿನ ಸುತ್ತ ನಾನು ಸುರಿದೆ. ಮತ್ತೆ ನೊರೆ ಹಚ್ಚಿದ, ಗುಳ್ಳೆ ಬರಲಿಲ್ಲ. ಇಷ್ಟೆಲ್ಲ ಆದರೂ ಅಪ್ಪ ಬ್ರಷ್ಷಿನ ಹಿಡಿ ಬಿಟ್ಟು ಬೇರೇನನ್ನೂ ಮುಟ್ಟಲಿಲ್ಲ ಎಂಬುದನ್ನು ನಾನು ಗಮನಿಸಿದೆ. ಮಧ್ಯಾಹ್ನದ ಹೊತ್ತಿಗೆ ಗಪ್ಪಿಗಳು ಕೆಳಗಿಳಿದು ಗಿಡಗಳ ನಡುವೆ ಓಡಾಡತೊಡಗಿದವು. ಇಂಜಿನ್ ಕೂಡ ನೆಟ್ಟಗಾಯಿತು.

ಅವ್ವ ಮೂರೂವರೆಗೆ ಬಂದಳು. ಬಾಗಿಲಲ್ಲೇ ತಡೆದು ಎಲ್ಲ ಹೇಳಿದೆ. ಕೊಯ್ದ ಟ್ಯೂಬಿನ ತುಂಡನ್ನು ಬಾಟಲಿಗೆ ಹಿಡಿದು ತೋರಿಸಿದೆ. ಅವಳಿಗೆ ಗಾಳಿಯ ಒತ್ತಡ ಗಿತ್ತಡ ಎಂಬುದೆಲ್ಲ ಬೇಕಿರಲಿಲ್ಲ.

"ದಿನಾ ಅಲ್ಲಿಗೇ ಬಂದು ನಿಲ್ತಿತ್ತಾ? ಒಂದೇ ಕಡೆ?"

"ಹೂಂ. ಒಂದೇ ಕಡೆ."

ಅವ್ವ ತನ್ನ ಹಣೆಗೆ ತಾನೇ ಹೊಡೆದುಕೊಂಡಳು. "ಕುಡಿಯೋನು ಗುರುತು ನೋಡ್ಕಂಡು ನಿಲ್ಲಿಸ್ತಾನೇನೇ? ತಳ ಕಾಣೋವರ್ಗೂ ಬಿಡಲ್ಲ. ಟೀಚರಮ್ಮನಿಗೆ ಅಷ್ಟೂ ತಿಳೀಬೇಡ್ವಾ? ನನಗಾದ್ರೂ ತಿಳೀಬೇಡ್ವಾ, ಇಷ್ಟು ವರ್ಷ ಬಾಳಾಟ ಮಾಡಿ?" ಮೊದಲು ನನ್ನನ್ನು ಬೈದಳು, ಆಮೇಲೆ ತನ್ನನ್ನು ಬೈದುಕೊಂಡಳು, ಆಮೇಲೆ ಅಡುಗೆಮನೆಗೆ ಹೋಗಿ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದಳು. ಮೂಗು ಸೇದುವ ಸದ್ದು ಕೇಳುತ್ತಿತ್ತು. ಬರುವಾಗ ಆ ಸೀರೆಯ ತುಂಡನ್ನು ಬಾಟಲಿಯ ಪಕ್ಕದಿಂದ ಎತ್ತಿ ನೆಲ ಒರೆಸಲು ಹಾಕಿದಳು.

ಐದು ಗಂಟೆಗೆ ಅಪ್ಪ ಹಿತ್ತಲಿನಿಂದ ಬಂದಾಗ ಚೊಂಬು ಜಗುಲಿಯ ಮೇಲಿತ್ತು. "ನೀರೈತೆ, ಕುಡೀರಿ" ಎಂಬ ಕೂಗು ಒಳಗಿನಿಂದ ಬಂತು. ದನಿ ಇನ್ನೂ ಒದ್ದೆಯಾಗಿತ್ತು. ಅಪ್ಪ ಚೊಂಬೆತ್ತಿ ಕುಡಿದು, ಅಡುಗೆಮನೆಯ ಕಡೆ ಬಾಯಿ ಮಾಡಿ 'ಹಾಽ' ಎಂದು ಬೇಕೆಂದೇ ಉದ್ದಕ್ಕೆ ಉಸಿರು ಬಿಟ್ಟ.

"ಮೂಸೋದಾದ್ರೆ ಹೋಗಿ ಆ ಇಂಜಿನ್ ಬಾಯಿ ಮೂಸೇ. ನಾಲ್ಕು ದಿನದಿಂದ ಕುಡಿದಿರೋದು ಅದು" ಎಂದ.

ಒಳಗೆ ಅವ್ವ ನಕ್ಕಳು. ಆ ನಗುವಿನಿಂದ ಮನೆಯೇ ಹಗುರಾಯಿತು.

ಆಮೇಲೆ ಮೇಣದ ಬತ್ತಿ ಹಚ್ಚಿ ಕೂತೆವು. ಮೊದಲನೆಯದು, ಎರಡನೆಯದು, ಮೂರನೆಯದು ಆಯಿತು. ನಾಲ್ಕನೆಯದಕ್ಕೆ ಅವರಿಬ್ಬರೂ ಬಾಯಿ ತೆರೆದರು, ನಾನು ತೆರೆಯಲಿಲ್ಲ. ಅವರೂ ನಿಲ್ಲಿಸಿದರು. ಬತ್ತಿಯ ಬೆಳಕಿನಲ್ಲಿ ಅಪ್ಪ ನನ್ನ ಕಡೆ ನೋಡಿದ.

"ಅಪ್ಪಾ, ಬೆಳಿಗ್ಗೆ ತಲೆನೋವು ಇರ್ಲಿಲ್ಲ" ಎಂದೆ. "ನಿನ್ನ ಹಿಡಿಯೋಕೆ ಅಂತ ಬಂದಿದ್ದು."

"ಗೊತ್ತು ಕಣವ್ವ" ಎಂದ ಅಪ್ಪ. "ನಾಲ್ಕನೇದು ಹೇಳು. ಐದನೇದು ನಾನು ಹೇಳ್ತೀನಿ."

ನಾಲ್ಕನೆಯದನ್ನು ನಾನೊಬ್ಬಳೇ ಹೇಳಿದೆ. ಐದನೆಯದನ್ನು ಅಪ್ಪ ಪಕ್ಕದ ಮನೆಗೂ ಕೇಳುವಂತೆ ಹೇಳಿದ.